ಶಿವವ್ವನ ವಜ್ರದ ಮೂಗುಬೊಟ್ಟು

ತಾಯಿ ಸತ್ತ ಮನೆಯಲ್ಲಿ ಅಳು ನಿಂತ ಮೇಲೆ ಆಕೆಯ ಒಡವೆಯ ಮಾತು ಏಳುತ್ತದೆ. ರಬಕವಿಯ ನೇಕಾರರ ಓಣಿಯಲ್ಲಿ ಶಿವವ್ವ ತೀರಿಕೊಂಡಾಗಲೂ ಹಾಗೇ ಆಯಿತು. ಆಕೆ ಬಿಟ್ಟುಹೋದದ್ದು ಒಂದು ಜೊತೆ ಬಂಗಾರದ ಪಾಟ್ಲಿ ಬಳೆ, ಒಂದು ವಜ್ರದ ಮೂಗುಬೊಟ್ಟು. ಆ ಮೂಗುಬೊಟ್ಟು ಆಕೆಗೆ ತನ್ನ ತಾಯಿಯಿಂದ ಬಂದದ್ದು. ಗಂಡ ಮೊದಲೇ ಹೋಗಿದ್ದ. ಇದ್ದವರು ಇಬ್ಬರು ಮಕ್ಕಳು: ಮನೆಯಲ್ಲೇ ಮಗ್ಗ ನಡೆಸುವ ವೀರಣ್ಣ, ಬೀಳಗಿಗೆ ಮದುವೆಯಾಗಿ ಹೋದ ಅವನ ತಂಗಿ ದಾನಮ್ಮ.

ದಾನಮ್ಮನಿಗೆ ಪಾಟ್ಲಿಯ ಮೇಲೆ ಮನಸ್ಸಿರಲಿಲ್ಲ. ಮೂಗುಬೊಟ್ಟಿನ ಮೇಲೆ ಇತ್ತು. ಸಣ್ಣವಳಿದ್ದಾಗ ಅವ್ವನ ತೊಡೆಯ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದಳು. ಅವ್ವ ಮಾತಾಡಿದಾಗೆಲ್ಲ ಅದು ಮಿನುಗುತ್ತಿತ್ತು. ಆದರೆ ಬಾಯಿಬಿಟ್ಟು ಕೇಳಲು ಹೆದರಿಕೆ. ಅದೇ ಓಣಿಯ ತಾರವ್ವ ತನ್ನ ಪಾಲು ಕೇಳಿದ್ದಕ್ಕೆ ಅಣ್ಣಂದಿರು ಅವಳನ್ನು ನಾಗರಪಂಚಮಿ ಹಬ್ಬಕ್ಕೆ ತವರಿಗೆ ಕರೆಯುವುದನ್ನೇ ಬಿಟ್ಟಿದ್ದರು. ಒಂದು ಹರಳಿಗಾಗಿ ತವರಿನ ಬಾಗಿಲು ಮುಚ್ಚಿಸಿಕೊಳ್ಳಲೇ ಎಂದುಕೊಂಡು ದಾನಮ್ಮ ಸುಮ್ಮನಿದ್ದಳು.

ವೀರಣ್ಣ ಕೆಟ್ಟವನಲ್ಲ. ಮದುವೆಯಲ್ಲಿ ಕೊಟ್ಟದ್ದೇ ಹೆಣ್ಣುಮಕ್ಕಳ ಪಾಲು ಎಂಬ ಹಿರಿಯರ ಮಾತು ಕೇಳುತ್ತ ಬೆಳೆದವನು. ಮೂಗುಬೊಟ್ಟು ಮಾರಿದರೆ ಹಳೆಯ ಮಗ್ಗ ತೆಗೆದು ಹೊಸದು ಹಾಕಿಸಬಹುದು ಎಂಬುದು ಅವನ ಲೆಕ್ಕ. ಸೀರೆ ವ್ಯಾಪಾರ ಮಾಡುವ ಗೆಳೆಯ ಶಂಕರೆಪ್ಪನನ್ನು ಕರೆಸಿ ತೋರಿಸಿದ. ಶಂಕರೆಪ್ಪ ಹರಳನ್ನು ಬಿಸಿಲಿಗೆ ಹಿಡಿದು, ಗಾಜೂ ಹೀಗೇ ಹೊಳೆಯುತ್ತದೆ ಎಂದ. ಖರೆ ವಜ್ರ ಹೌದೋ ಅಲ್ಲವೋ ತಿಳಿಯಲು ಸುತ್ತಿಗೆಯ ಒಂದು ಪೆಟ್ಟು ಸಾಕು, ಗಾಜಾದರೆ ಒಡೆಯುತ್ತದೆ, ವಜ್ರವಾದರೆ ಏನೂ ಆಗುವುದಿಲ್ಲ ಎಂದ. ಅವನಲ್ಲಿ ಮೋಸವಿರಲಿಲ್ಲ. ಯಾರೋ ಹೇಳಿದ್ದನ್ನು ನಂಬಿದ್ದ, ಅಷ್ಟೇ.

ವೀರಣ್ಣ ಸುತ್ತಿಗೆ ತಂದ. ಮೂಗುಬೊಟ್ಟನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ಕೈ ಎತ್ತಿದ. ಚಹಾ ತಂದಿದ್ದ ದಾನಮ್ಮ ತಟ್ಟೆಯನ್ನು ಕೆಳಗಿಟ್ಟವಳೇ ಹರಳಿನ ಮೇಲೆ ಅಂಗೈ ಮುಚ್ಚಿದಳು.

"ಅಣ್ಣಾ, ಖರೆ ಇರಲಿ ಸುಳ್ಳ ಇರಲಿ, ಇದು ಅವ್ವನ ಮೂಗಿನಾಗ ಇದ್ದದ್ದು. ನನ್ನನ್ನೂ ಒಂದು ಮಾತ ಕೇಳ್ಬೇಕಿತ್ತು" ಎಂದಳು.

ವೀರಣ್ಣ ಸುತ್ತಿಗೆ ಇಳಿಸಿದ. ತಂಗಿ ತನಗೆ ಎದುರು ಮಾತಾಡಿದ್ದು ಅದೇ ಮೊದಲು. ಸಿಟ್ಟು ಮಾಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಅವನ ಹೆಂಡತಿ ರಾಜಶ್ರೀ, ಮಾತು ಬೆಳೆಯುವುದು ಬೇಡವೆಂದು ಪಕ್ಕದ ಮನೆಯ ನಂದಾಳನ್ನು ಕರೆದುಕೊಂಡು ಬಂದಳು. ನಂದಾ ಜಮಖಂಡಿ ಕೋರ್ಟಿನಲ್ಲಿ ವಕೀಲಿ ಮಾಡುತ್ತಾಳೆ.

ಸುತ್ತಿಗೆ ಕಂಡು ನಂದಾ ಅಲ್ಲೇ ಕುಳಿತಳು. "ಒಂದು ಪೆಟ್ಟು ಬಿದ್ದಿದ್ರ ಆತು ನೋಡ್ರಿ. ನನ್ನ ಹತ್ರ ಬಂದಿದ್ದ ಒಬ್ಬಾಕಿದು ಉಂಗುರದ ಹರಳು ಹಿಂಗ ಪುಡಿ ಆಗೇತಿ. ವಜ್ರ ಗೀರಿದ್ರ ಗೀರು ಬೀಳೂದಿಲ್ಲ ಖರೆ, ಹೊಡದ್ರ ಒಡೀತೈತಿ."

ಶಂಕರೆಪ್ಪನಿಗೆ ನಂಬಿಕೆ ಬರಲಿಲ್ಲ. ಗಟ್ಟಿ ವಸ್ತು ಹೇಗೆ ಒಡೆಯುತ್ತದೆ ಎಂದು ಕೇಳಿದ. ಗಟ್ಟಿ ಎಂದರೆ ಸವೆಯದ್ದು, ಪೆಟ್ಟು ತಾಳುವುದು ಬೇರೆ ಮಾತು ಎಂದು ನಂದಾ ತಿಳಿಸಿ ಹೇಳಿದಳು. ದೊಡ್ಡ ಊರುಗಳಲ್ಲಿ ಹರಳು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪ್ರಯೋಗಾಲಯಗಳಿವೆ, ಅಲ್ಲಿ ಹರಳಿಗೆ ಏನೂ ಆಗುವುದಿಲ್ಲ ಎಂದಳು.

ಆಮೇಲೆ ವೀರಣ್ಣ, ಮೂಗುಬೊಟ್ಟು ಮನೆಯ ಮಗನದೋ ಮಗಳದೋ ಎಂದು ಕೇಳಿದ. ದಾನಮ್ಮ ತಲೆ ತಗ್ಗಿಸಿದಳು. ತನಗೇನೂ ಬೇಡ ಎಂದು ಹೇಳಿಬಿಡೋಣ ಎನ್ನಿಸಿತು.

"ಉಯಿಲು ಬರದಿಟ್ಟಿಲ್ಲ, ಗಂಡನೂ ಇಲ್ಲ ಅಂದ್ರ ತಾಯಿಯ ಒಡವಿ ಮಗಗೂ ಮಗಳಿಗೂ ಸಮಾ" ಎಂದಳು ನಂದಾ. "ಮದುವ್ಯಾಗ ಕೊಟ್ಟದ್ದು ಇದರಾಗ ಬರೂದಿಲ್ರಿ. ದಾನಕ್ಕ ಬಿಟ್ಟುಕೊಡಬಹುದು, ಅದು ಆಕಿ ಖುಷಿ. ಆದ್ರ ತನ್ನ ಪಾಲು ಎಷ್ಟೈತಿ ಅಂತ ತಿಳಕೊಂಡ ಮ್ಯಾಲೆ."

ವೀರಣ್ಣ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನು, ಪರೀಕ್ಷೆಗೆ ಇಬ್ಬರೂ ಕೂಡಿಯೇ ಹೋಗೋಣ ಎಂದಷ್ಟೇ ಹೇಳಿದ.

ನಂದಾ ಹೇಳಿದಂತೆ ಮೊದಲು ಮೊಬೈಲಿನಲ್ಲಿ ಮೂಗುಬೊಟ್ಟಿನ ಫೋಟೊ ತೆಗೆದರು. ಪ್ರಯೋಗಾಲಯದಲ್ಲಿ ತಮ್ಮ ಎದುರಿಗೇ ತೂಕ ಮಾಡಿಸಿ, ರಶೀದಿ ಪಡೆದು ಆಮೇಲೆ ಕೊಟ್ಟರು. ವಜ್ರ ಖರೆಯದೇ ಎಂದು ಬಂತು. ಒಳಗೆ ಹುಟ್ಟಿನಿಂದಲೇ ಕೂದಲಿನಷ್ಟು ಸಣ್ಣ ಬಿರುಕಿದೆ, ಪೆಟ್ಟು ಬಿದ್ದಿದ್ದರೆ ಎರಡಾಗುತ್ತಿತ್ತು ಎಂದರು ಅಲ್ಲಿಯವರು. ವೀರಣ್ಣ ತಂಗಿಯ ಮುಖ ನೋಡಿದ.

ಬೆಲೆಯನ್ನು ಎರಡು ಅಂಗಡಿಗಳಲ್ಲಿ ಕೇಳಿದರು. ಬಿರುಕಿನ ದೆಸೆಯಿಂದ ಮೂಗುಬೊಟ್ಟಿಗಿಂತ ಪಾಟ್ಲಿಯ ಬೆಲೆಯೇ ಹೆಚ್ಚಾಯಿತು. ಎಲ್ಲ ಮಾರಿ ಅರ್ಧರ್ಧ ಹಂಚಿಕೊಳ್ಳಬಹುದಿತ್ತು. ದಾನಮ್ಮ ಒಂದು ದಿನ ವಿಚಾರ ಮಾಡಿ ಬಂದು, ತನಗೆ ಮೂಗುಬೊಟ್ಟು ಇರಲಿ, ಪಾಟ್ಲಿ ಅಣ್ಣನಿಗಿರಲಿ ಎಂದಳು.

"ಹಂಗಾದ್ರ ನಿನಗ ಕಡಿಮಿ ಬರತೈತಿ" ಎಂದ ವೀರಣ್ಣ.

"ಗೊತ್ತೈತಣ್ಣಾ. ಗೊತ್ತಿದ್ದ ಬಿಟ್ಟೇನಿ. ಹೆದರಿ ಬಿಟ್ಟಿಲ್ಲ."

ನಂದಾ ಒಪ್ಪಂದಪತ್ರ ಬರೆಯಲು ಕುಳಿತಳು. ಬರೆಯುವಾಗ ವೀರಣ್ಣ ನಡುವೆ ಬಾಯಿ ಹಾಕಿದ. "ಇಬ್ಬರ ಪಾಲೂ ಸಮಾ ಇತ್ತು, ಹೆಚ್ಚಿಂದು ತಂಗಿ ತಾನಾಗಿ ಬಿಟ್ಟಳು ಅಂತ ಬರೀರಿ ವಕೀಲ್ರ. ನಾಳೆ ನನ್ನ ಮಕ್ಕಳು, ಹೆಣ್ಣಮಕ್ಕಳಿಗೆ ಪಾಲ ಇಲ್ಲ ಅಂತ ತಿಳೀಬಾರದು."

ಇಬ್ಬರೂ ಸಹಿ ಮಾಡಿದರು. ರಾಜಶ್ರೀ ಕನ್ನಡಿ ಹಿಡಿದಳು. ದಾನಮ್ಮ ತನ್ನ ಬಂಗಾರದ ಮೂಗುಬೊಟ್ಟು ತೆಗೆದು ಅವ್ವನದನ್ನು ಇಟ್ಟುಕೊಂಡು, ಮಧ್ಯಾಹ್ನದ ಬಸ್ಸಿಗೆ ಬೀಳಗಿಗೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಿರಿಯರ ಒಂದು ಹರಳು ಇರಬಹುದು. ಅದನ್ನು ಹೊಡೆದು ನೋಡಬೇಡಿ, ಗುರುತಿಲ್ಲದವರ ಕೈಗೆ ಕೊಡಬೇಡಿ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಇಡುವುದೋ ಮಾರುವುದೋ ಎಂದು ನಿರ್ಧರಿಸುವ ಮೊದಲು ಅಕ್ಕತಂಗಿಯರನ್ನು ಕರೆಯಿರಿ. ಅವರು ಕೇಳಲಿ ಎಂದು ಕಾಯಬೇಡಿ, ನೀವೇ ಕೇಳಿ.