ಕಿಸೆಯೊಳಗಿನ ಫ್ಲಾಪಿ

ನಿಂಬರ್ಗಾದ ಹೊಲದಲ್ಲಿ ಅಣ್ಣಾರಾಯನನ್ನು ಸಮಾಧಿಯ ಕುಣಿಗೆ ಇಳಿಸಿ ಕೂಡಿಸಿ, ಅಂಗೈಗೆ ಲಿಂಗ ಕೊಟ್ಟು, ಪತ್ರಿ ಏರಿಸುವ ಹೊತ್ತಿಗೆ ಗಂಗಾಬಾಯಿಯ ಕಣ್ಣು ಗಂಡನ ಎದೆಯ ಮೇಲೆ ಬಿತ್ತು. ಹೊಸ ಬಿಳಿ ಅಂಗಿಯ ಕಿಸೆಯಿಂದ ಕಪ್ಪು ಫ್ಲಾಪಿಯ ಮೂಲೆ ಇಣುಕುತ್ತಿತ್ತು. ಆಕೆ ಅಳು ಬಿಟ್ಟು ಕುಣಿಯ ಅಂಚಿಗೆ ಬಂದಳು.

"ಭಾವಾರ, ಅದನ್ನ ಅಲ್ಲಿ ಯಾರ ಇಟ್ಟಾರ್ರಿ?"

ಮೈ ತೊಳೆದು ಅಂಗಿ ತೊಡಿಸಿದವನು ಸತ್ತವನ ಅಣ್ಣ ನಾಗಣ್ಣ. "ನಾನೇ ಇಟ್ಟೇನಿ ತಂಗಿ. ಹಳೀ ಅಂಗ್ಯಾಗ ಇತ್ತು. ಉಣ್ಣುವಾಗ ಸೈತ ಅದನ್ನ ಬಿಟ್ಟಾಂವಲ್ಲ ನನ್ನ ತಮ್ಮ. ಜತೀಗೇ ಹೋಗ್ಲಿ."

ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅದೇ ಆಕೆಯ ಗ್ರಹಚಾರ.

*

ಆಳಂದದ ಟೈಪಿಂಗ್ ಅಂಗಡಿಯಲ್ಲಿ ಗಂಡಹೆಂಡಿರ ಆಸ್ತಿಯೆಂದರೆ ಹೈದರಾಬಾದಿನಿಂದ ತಂದ ಹಳೆಯದೊಂದು ಲ್ಯಾಪ್‌ಟಾಪ್. ಅಣ್ಣಾರಾಯ ಗಿರಾಕಿ ಹಿಡಿಯುತ್ತಿದ್ದ, ಗಂಗಾಬಾಯಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಹೋದ ವರ್ಷ ಒಂದು ಮುಂಜಾನೆ ಪರದೆ ಕಪ್ಪಗೇ ಉಳಿಯಿತು. ರೇಡಿಯೊ ರಿಪೇರಿಯ ಜಹೀರುದ್ದೀನ ಬಂದು ಬಿಚ್ಚಿ ನೋಡಿದ.

"ಒಳಗಿನ ಮಾಲ್ ಸಲಾಮತ್ ಅದ ಭಾಭಿ. ಶುರು ಮಾಡೋ ಬೂಟ್‌ಲೋಡರ್ ಖರಾಬ್ ಆಗ್ಯದ."

ಅದನ್ನು ಯಂತ್ರದೊಳಗೇ ಮತ್ತೆ ಬರೆಯಲು ನೋಡಿದ, ಆಗಲಿಲ್ಲ. ಕಡೆಗೆ ಹೆಣಗಾಡಿ ಒಂದು ಫ್ಲಾಪಿಗೆ ಆ ಕೆಲಸ ತುಂಬಿದ. ಹ್ಯಾಂಡಲ್ ತಿರುವಿದರೆ ಏಳುವ ಹಳೇ ಲಾರಿಯಂತೆ, ಫ್ಲಾಪಿ ತೂರಿಸಿದರೆ ಯಂತ್ರ ದಿನವೂ ಕರಕರ ಎಂದು ಏಳತೊಡಗಿತು.

"ಇದಕ್ಕ ಧೂಳು ಹತ್ತಬಾರದು. ಇದು ಹೋದ್ರ ಖೇಲ್ ಖತಂ. ಮತ್ತ ನನ್ನಿಂದನೂ ಆಗಂಗಿಲ್ಲ. ಜಲ್ದಿ ಒಂದು ನಕಲ್ ಮಾಡಿಸ್ಕೊರ್ರಿ."

"ನಾಳೆ ಮಾಡಿಸ್ತೇನಿ," ಎಂದ ಅಣ್ಣಾರಾಯ. ಆ ಪುಣ್ಯಾತ್ಮನ ನಾಳೆಗೆ ಕೊನೆಯಿರಲಿಲ್ಲ. ಇಲಿ ಕಡಿದಾವು, ಕಳ್ಳರು ಒಯ್ದಾರು ಎಂದು ಕಿಸೆಯಲ್ಲಿಟ್ಟುಕೊಂಡೇ ತಿರುಗಿದ. ನಿನ್ನೆ ಎದೆ ಹಿಡಿದುಕೊಂಡು ಕುಸಿದಾಗಲೂ ಅಂಗೈ ಕಿಸೆಯ ಮೇಲೇ ಇತ್ತು.

*

"ಅದು ನನಗ ಬೇಕ್ರಿ," ಎಂದಳು ಗಂಗಾಬಾಯಿ.

"ತಲಿ ಮ್ಯಾಲ ಪಾದ ಇಟ್ಟಾಗ್ಯದವ್ವ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. "ಕುಣಿಗೆ ಕೊಟ್ಟದ್ದು ತಿರುಗಿ ತಗೊಂಡ್ರ ಮನಿಗೆ ಕೇಡು."

ಮನೆಯಲ್ಲಿ ಉಳಿದವಳು ಮಗಳೊಬ್ಬಳೇ. ಆ ಕೇಡು ಅವಳಿಗೆ ತಟ್ಟಿದರೆ? ಫ್ಲಾಪಿ ಇಲ್ಲೇ ಬಿಟ್ಟು ಹೋದರೆ ನಾಳೆ ಅವಳ ಹೊಟ್ಟೆಗೇನು? ಗಂಗಾಬಾಯಿಗೆ ಎರಡೂ ಕಡೆ ಬೆಂಕಿಯೇ ಕಂಡಿತು. ಹಿಂದೆ ಯಾರೋ ಹೆಂಗಸು "ಗಂಡ ಹ್ವಾದ, ಇಕಿಗಿ ಡಬ್ಬಿ ಚಿಂತಿ" ಎಂದಳು. ನಾಗಣ್ಣ ಉಪ್ಪಿನ ಚೀಲದ ಬಾಯಿ ಬಿಚ್ಚಿದ.

ಉಪ್ಪು ಸುರಿಯುವ ಮೊದಲೇ ಆಕೆ ಜಾರಿಕೊಂಡು ಕುಣಿಗೆ ಇಳಿದಳು. ಕಿಸೆಗೆ ಬೆರಳು ಹಾಕಿದಾಗ ಎದೆ ತಗುಲಿತು, ಕಲ್ಲಿನಂತೆ ತಣ್ಣಗಿತ್ತು. ಫ್ಲಾಪಿಯನ್ನು ಎಳೆದು ಸೆರಗಿನಲ್ಲಿ ಸುತ್ತಿಕೊಂಡಳು.

"ಸಿಟ್ಟಾಗಬ್ಯಾಡ್ರಿ," ಎಂದಳು ಅವನ ಕಿವಿಯ ಹತ್ತಿರ. "ನಾವು ಬದಕಬೇಕಲ್ರಿ."

ನಾಗಣ್ಣ ಕೈ ಕೊಟ್ಟು ಮೇಲೆಳೆದುಕೊಂಡ. ಉಪ್ಪು, ವಿಭೂತಿ ಬಿದ್ದವು.

"ಮೊದಲನೇ ಹಿಡಿ ಮಣ್ಣು ನೀ ಹಾಕವ್ವ," ಎಂದರು ಅಯ್ಯನವರು.

ಗಾಳಿಗೆ ಧೂಳು ಏಳುತ್ತಿತ್ತು. ಸೆರಗಿನಲ್ಲಿ ಸುತ್ತಿದ ಫ್ಲಾಪಿಯನ್ನು ಗಂಗಾಬಾಯಿ ಬಲಗೈಯಲ್ಲಿ ತಲೆಗಿಂತ ಮೇಲಕ್ಕೆತ್ತಿ ಹಿಡಿದಳು. ಎಡಗೈಯಿಂದ ಗಂಡನಿಗೆ ಮಣ್ಣು ಹಾಕಿದಳು.