ಸಾವಿರ ಕರಪತ್ರ, ಮೂರು ಫೋನು

ಈ ಕಥೆ ಹೇಳಿದಾಗಲೆಲ್ಲ ಕೇಳಿದವರು "ಸುಮ್ನೆ ಬುರುಡೆ ಬಿಡಬೇಡಿ" ಅನ್ನುತ್ತಾರೆ. ಬುರುಡೆಯಲ್ಲ, ಖರೆ. ಬುರುಡೆಯೇ ಬಿಡುವುದಾಗಿದ್ದರೆ ಆನೆ, ಅರಮನೆ, ರಾಜಕುಮಾರಿ ಎಲ್ಲವನ್ನೂ ತರುತ್ತಿದ್ದೆವು. ನಮ್ಮ ಗಂಟೇನು ಹೋಗುತ್ತಿತ್ತು? ಇದರಲ್ಲಿರುವುದು ಒಂದು ಹೊಲಿಗೆ ಯಂತ್ರ, ಒಂದು ಡಬ್ಬಿ ಜಿಪ್ಪು, ಅವೆರಡರ ನಡುವೆ ಕೆನ್ನೆಗೆ ಕೈಕೊಟ್ಟು ಕೂತ ಒಬ್ಬ ಮನುಷ್ಯ.

ಅವನಿಗೆ ಎಲ್ಲರೂ ಜಿಪ್ಪಣ್ಣ ಎನ್ನುತ್ತಿದ್ದರು. ಬ್ಯಾಗು ರಿಪೇರಿ ಅವನ ಕಸುಬು. ಹಲ್ಲು ಉದುರಿದ ಜಿಪ್ಪು, ಕಿತ್ತುಬಂದ ಹಿಡಿ, ಕುಂಟುವ ಸೂಟ್‌ಕೇಸು, ಏನೇ ಕೊಟ್ಟರೂ ಅವನ ಕೈಯಲ್ಲಿ ಎದ್ದು ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಅವನ ಅಂಗಡಿ ದೊಡ್ಡ ರಸ್ತೆಯಲ್ಲಿತ್ತು. ಆ ಕಟ್ಟಡವನ್ನು ಕೆಡವಿದ್ದರಿಂದ ಅವನು ಔಷಧಿ ಅಂಗಡಿ ಪಕ್ಕದ ಓಣಿಯೊಳಗೆ, ಒಂದು ಮನೆಯ ಕೆಳಗಿನ ಕೋಣೆಗೆ ಬಂದ. ಗಿರಾಕಿಗಳು ಬರಲಿಲ್ಲ. ಹಳೇ ಜಾಗಕ್ಕೆ ಹೋಗಿ, ತಗಡಿನ ಬೇಲಿ ನೋಡಿ, "ಪಾಪ, ಕಸುಬೇ ಬಿಟ್ಟನೋ ಏನೋ" ಎಂದು ಲೊಚಗುಟ್ಟಿ, ಹೊಸ ಬ್ಯಾಗು ಕೊಂಡು ಮನೆಗೆ ಹೋಗುತ್ತಿದ್ದರು.

ಎರಡು ತಿಂಗಳು ಹೀಗೇ ಹೋಯಿತು. ಊರಾಚೆಯ ಒಂದು ಗೋದಾಮಿನಲ್ಲಿ ಕಾವಲುಗಾರನ ಕೆಲಸ ಖಾಲಿ ಇತ್ತು. ಅಲ್ಲಿನ ಮ್ಯಾನೇಜರು, "ಶನಿವಾರದೊಳಗೆ ಹೂಂ ಅನ್ನು, ಇಲ್ಲ ಉಹೂಂ ಅನ್ನು" ಎಂದಿದ್ದರು. ಹೂಂ ಅಂದರೆ ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಲಾರಿ ನಂಬರು ಬರೆಯುತ್ತ ಕೂರಬೇಕು. ಹೊಲಿಗೆ ಯಂತ್ರ ಯಾರದೋ ಪಾಲು. ಅದನ್ನು ನೆನೆದಾಗಲೆಲ್ಲ ಜಿಪ್ಪಣ್ಣ ಎದ್ದು ಹೋಗಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ.

ಕೊನೆಯ ಪ್ರಯತ್ನವೆಂದು ಸಾವಿರ ಕರಪತ್ರ ಅಚ್ಚು ಹಾಕಿಸಿದ. ಬರೆದದ್ದು ಸ್ವತಃ ಅವನೇ. ಮೂರು ಸಂಜೆ ಪೆನ್ನಿನ ತುದಿ ಕಚ್ಚಿ ಕಚ್ಚಿ ಬರೆದದ್ದು.

ಸೋಮವಾರ ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಅಂಗಡಿಗೆ ಬಂದಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ಎಂದು ಕೂಗಿ ಹೇಳುವುದು ಅವಳ ಉದ್ಯೋಗ. ಯಾರ ದನಿ ಕೇಳಿದರೂ ಮರುನಿಮಿಷ ಅದು ಅವಳ ಗಂಟಲಲ್ಲಿ ಇರುತ್ತಿತ್ತು. ಕರಪತ್ರವನ್ನು ಎತ್ತಿಕೊಂಡು ವಾರ್ತೆ ಓದುವವರ ಗತ್ತಿನಲ್ಲಿ ಓದಿದಳು:

"ಸರ್ವೋತ್ತಮ ಸೇವಾ ಸಂಸ್ಥೆ. ನಿಮ್ಮ ನಂಬಿಕೆಯೇ ನಮ್ಮ ಉಸಿರು. ಎರಡು ದಶಕಗಳ ಅನುಭವಿ ಕೈಗಳು. ಸಕಲ ವಿಧದ ಸೇವೆಗಳು. ನಗುಮೊಗದ ಉಪಚಾರ. ಒಮ್ಮೆ ಸಂಪರ್ಕಿಸಿ, ಜೀವನಪರ್ಯಂತ ನೆನೆಯುವಿರಿ."

ಕೆಳಗೆ ಫೋನ್ ನಂಬರು. ಅಷ್ಟೇ.

"ಚೆನ್ನಾಗಿದೆ ಭಾವ. ಯಾರ ಅಂಗಡಿದು ಇದು?"

"ಯಾರ ಅಂಗಡಿದು ಅಂದ್ರೆ? ನಮ್ದೇ ಕಣೇ."

"ಹೌದಾ? ಬ್ಯಾಗು ಅನ್ನೋ ಮಾತೇ ಇಲ್ವಲ್ಲ."

ಜಿಪ್ಪಣ್ಣ ಇಷ್ಟಗಲ ನಕ್ಕ. "ನಿಂಗೆ ಗೊತ್ತಾಗಲ್ಲ ಬಿಡು. ಬ್ಯಾಗು, ಜಿಪ್ಪು ಅಂತೆಲ್ಲ ಬರೆದ್ರೆ ಚಿಲ್ಲರೆ ಕಾಣತ್ತೆ. ದೊಡ್ಡ ದೊಡ್ಡ ಕಂಪನಿಯವ್ರು ಹೀಗೇ ಬರೆಯೋದು."

"ಅವ್ರ ಹೆಸರು ಹೇಳಿದ್ರೆ ಸಾಕು, ಅವ್ರು ಏನು ಮಾರ್ತಾರೆ ಅಂತ ತೊಟ್ಟಿಲ ಕೂಸಿಗೂ ಗೊತ್ತಿರತ್ತೆ. ನಿಮ್ಮದು?"

"ನಂದೂ ಗೊತ್ತಲ್ಲ, ಜಿಪ್ಪಣ್ಣ ಅಂತ."

"ಅದನ್ನಾದ್ರೂ ಹಾಕ್ಸಿದ್ರಾ?"

"ಅಡ್ಡಹೆಸರನ್ನ ಯಾರಾದ್ರೂ ಅಚ್ಚು ಹಾಕಿಸ್ತಾರಾ? ಮರ್ಯಾದೆ ಬೇಡ್ವಾ?"

ಒಳಗೆ ದಾರದ ಉಂಡೆ ಸುತ್ತುತ್ತಿದ್ದ ಹೆಂಡತಿ, "ನಾನೂ ಅದೇ ಬಡ್ಕೊಂಡೆ ಕಣೇ" ಎಂದಳು. "ನನ್ನ ಮಾತು ಇವರ ಕಿವಿಗೆ ಹತ್ತಿದ್ದು ಯಾವಾಗ?"

ನಾದಿನಿ ಸ್ಟೂಲು ಎಳೆದುಕೊಂಡು ಕೂತಳು. "ನೋಡಿ ಭಾವ, ನಮ್ಮ ನಿಲ್ದಾಣದಲ್ಲಿ ಜನ ಗಂಟುಮೂಟೆ ಹೊತ್ಕೊಂಡು ಓಡ್ತಿರ್ತಾರೆ. ಅವ್ರಿಗೆ ಬೇಕಾಗಿರೋದು ಇಷ್ಟೇ: ಯಾವ ಬಸ್ಸು, ಎಲ್ಲಿ ನಿಂತಿದೆ, ಎಷ್ಟೊತ್ತಿಗೆ ಹೊರಡತ್ತೆ. ನಾನು ಮೈಕಲ್ಲಿ, 'ಪ್ರಯಾಣಿಕರ ಬಾಳಿಗೆ ಬೆಳಕಾದ, ಅನುಭವಿ ಚಾಲಕರನ್ನುಳ್ಳ, ನಗುಮೊಗದ ಕಂಡಕ್ಟರಿನಿಂದ ಕೂಡಿದ' ಅಂತ ಶುರು ಹಚ್ಕೊಂಡ್ರೆ, ಮುಗಿಯೋ ಹೊತ್ತಿಗೆ ಬಸ್ಸು ಮುಂದಿನ ಊರಲ್ಲಿರತ್ತೆ."

"ಬಸ್ಸು ಬೇರೆ, ವ್ಯಾಪಾರ ಬೇರೆ. ಬುಧವಾರ ಬಾ, ನೋಡು. ಫೋನು ಕೆಳಗಿಡೋಕೆ ಪುರುಸೊತ್ತಿರಲ್ಲ."

ಮಂಗಳವಾರ ಜಿಪ್ಪಣ್ಣ ಬಿಸಿಲಲ್ಲಿ ತಿರುಗಿ ಅರ್ಧದಷ್ಟು ಕರಪತ್ರ ಹಂಚಿದ. ಬಾಗಿಲ ಸಂದಿಯಲ್ಲಿ ತೂರಿಸಿದ, ಸ್ಕೂಟರಿನ ಸೀಟಿಗೆ ಸಿಕ್ಕಿಸಿದ, ಮಾರುಕಟ್ಟೆಯಲ್ಲಿ ಕೈಗೆ ಕೈಗೆ ಕೊಟ್ಟ. ಬುಧವಾರ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಫೋನಿನ ಮುಂದೆ ಕೂತ. ಹತ್ತೂವರೆಗೆ ಅದು ಬಡಿದುಕೊಂಡಿತು. ಜಿಪ್ಪಣ್ಣ ಕೈ ಒರೆಸಿಕೊಂಡು ಎತ್ತಿದ.

ನಡುಗುವ ಮುದುಕನ ದನಿ. "ಹಲೋ, ಸೇವಾ ಸಂಸ್ಥೇನಾ? ಅನುಭವಿ ಕೈಗಳು ಅಂತ ಹಾಕಿದೀರಲ್ಲಪ್ಪ. ನನ್ನ ಕೆಳಗಿನ ಎರಡು ಹಲ್ಲು ಅಲ್ಲಾಡ್ತಿದೆ. ಕೀಳ್ತೀರೋ, ಗಟ್ಟಿ ಕೂರಿಸ್ತೀರೋ?"

"ತಾತ, ಇದು ಹಲ್ಲಿನ ಆಸ್ಪತ್ರೆ ಅಲ್ಲ."

"ಹಾಗಂತ ಎಲ್ಲಿ ಬರೆದಿದೀರಿ?"

ಜಿಪ್ಪಣ್ಣ ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಫೋನು ಇಟ್ಟ. ಹೆಂಡತಿ ತಲೆ ಎತ್ತಲಿಲ್ಲ. ಅವಳ ಭುಜ ಮಾತ್ರ ಕುಲುಕುತ್ತಿತ್ತು.

ಹನ್ನೊಂದು ಗಂಟೆಗೆ ಬೇರೊಂದು ನಂಬರಿನಿಂದ ಮತ್ತೆ ಫೋನು. ಈ ಸಲ ಗಡಿಬಿಡಿಯ ಹೆಂಗಸು. "ನಗುಮೊಗದ ಉಪಚಾರ ಅಂತ ನೋಡಿದೆ. ನಮ್ಮ ಹುಡುಗಿ ಮದುವೆಗೆ ಊಟ ಬಡಿಸೋಕೆ ಹತ್ತು ಜನ ಬೇಕಿತ್ತು. ನಗ್ತಾನೇ ಬಡಿಸಬೇಕು, ಗೊತ್ತಾಯ್ತಾ? ಮತ್ತೆ ಮೀಸೆ ಇರೋರು ಬೇಡ, ಸಾರಲ್ಲಿ ಕೂದಲು ಬೀಳತ್ತೆ."

"ಅಮ್ಮಾ, ಮೀಸೆ ಇರೋನು ನಾನೊಬ್ನೇ ಇಲ್ಲಿರೋದು. ನಾವು ಊಟ ಬಡಿಸಲ್ಲ."

"ಹಾಗಾದ್ರೆ ಸಕಲ ವಿಧ ಅಂತ ಯಾಕೆ ಹಾಕ್ತೀರಿ?" ಎಂದು ಗದರಿ ಆಕೆ ಫೋನಿಟ್ಟಳು.

ಹನ್ನೆರಡಕ್ಕೆ ಮೂರನೆಯದು. ಗುಡುಗಿನಂಥ ಗಂಡು ದನಿ. "ನೋಡಿ, ನಮ್ಮ ಮಾವನೋರು ಬೆಳಿಗ್ಗೆ ತೀರ್ಕೊಂಡ್ರು. ಗಾಡಿ ಕಳಿಸ್ತೀರಾ? 'ಜೀವನಪರ್ಯಂತ ನೆನೆಯುವಿರಿ' ಅನ್ನೋ ಸಾಲು ಓದಿ ಮನೆಯವರಿಗೆಲ್ಲ ಬಹಳ ಸಮಾಧಾನ ಆಯ್ತು."

ಜಿಪ್ಪಣ್ಣನ ತಾಳ್ಮೆ ಕಿತ್ತುಕೊಂಡು ಹೋಯಿತು.

"ಸ್ವಾಮೀ, ಕೇಳಿಸ್ಕೊಳ್ಳಿ. ಇದು ಬ್ಯಾಗ್ ರಿಪೇರಿ ಅಂಗಡಿ. ಬ್ಯಾಗು. ಜಿಪ್ಪು ಕೆಟ್ಟಿದ್ರೆ ಹೊಸದು ಹಾಕ್ತೀನಿ. ಹಿಡಿ ಕಿತ್ತಿದ್ರೆ ಹೊಲಿತೀನಿ. ಸೂಟ್‌ಕೇಸಿನ ಚಕ್ರ ಮುರಿದಿದ್ರೆ ಬೇರೆ ಕೂರಿಸ್ತೀನಿ. ಸ್ಕೂಲ್ ಬ್ಯಾಗಾದ್ರೆ ನೀವು ನಿಂತಿರೋ ಹಾಗೇ ಮುಗಿಸ್ತೀನಿ, ಸೂಟ್‌ಕೇಸು ಬೆಳಿಗ್ಗೆ ಕೊಟ್ರೆ ಸಂಜೆಗೆ ಕೊಡ್ತೀನಿ. ನಾನು ಹಾಕಿದ ಜಿಪ್ಪು ಆರು ತಿಂಗಳೊಳಗೆ ಕೈಕೊಟ್ರೆ ಒಂದು ಕಾಸೂ ತಗೊಳ್ದೆ ಮತ್ತೆ ಹಾಕ್ತೀನಿ. ಆದ್ರೆ ಸತ್ತವರನ್ನ ಸಾಗಿಸಲ್ಲ. ತಿಳೀತಾ?"

ಆ ಕಡೆಯಿಂದ ಕಾಗದದ ಮೇಲೆ ಪೆನ್ನು ಸರಪರ ಓಡುವ ಸದ್ದು. ಆಮೇಲೆ, ಗುಡುಗು ಹೋಗಿ, ಬಹಳ ಪರಿಚಯದ ದನಿ ಬಂತು:

"ಸ್ವಲ್ಪ ನಿಧಾನ ಭಾವ. ಚಕ್ರ ಆದ್ಮೇಲೆ ಏನಂದ್ರಿ?"

ಊಟದ ಬಿಡುವಿನಲ್ಲಿ ನಾದಿನಿ ಸಮವಸ್ತ್ರದಲ್ಲೇ ಓಡಿ ಬಂದಳು. ಮೂರು ಜನ ಸಹೋದ್ಯೋಗಿಗಳ ಫೋನು ಇಸಿದುಕೊಂಡು ಮಾಡಿದ ಘನಕಾರ್ಯವನ್ನು ಹೇಳಿಕೊಂಡು ನಗುವ ಹುಮ್ಮಸ್ಸಿನಲ್ಲಿದ್ದಳು. ಭಾವನ ಮುಖ ನೋಡಿ ನಗು ಬಾಗಿಲಲ್ಲೇ ನಿಂತಿತು.

"ಮೂರು ಸಲ ಫೋನು ಬಂತು" ಎಂದ ಜಿಪ್ಪಣ್ಣ, ಮೆಲ್ಲಗೆ. "ಮೂರು ಸಲಾನೂ ದೇವರೇ ಬಂದ ಅಂದ್ಕೊಂಡು ಎದ್ದೆ. ಶನಿವಾರಕ್ಕೆ ಮೂರೇ ದಿನ ಇದೆ ಕಣೇ. ನಿಂಗೆ ಆಟ."

"ತಪ್ಪಾಯ್ತು ಭಾವ. ಆ ಕರಪತ್ರ ಓದಿದ ಜನ ಏನಂದ್ಕೋತಾರೆ ಅಂತ ನಿಮಗೆ ತೋರಿಸ್ಬೇಕು ಅಂತಿತ್ತು. ನೀವು ಹಿಂಗೆ ನಂಬ್ತೀರ ಅಂತ ನಂಗೇನು ಗೊತ್ತು?" ಅವಳು ಜೇಬಿನಿಂದ ಒಂದು ಕಾಗದ ತೆಗೆದಳು. ಬಸ್ಸಿನ ವೇಳಾಪಟ್ಟಿಯ ಹಿಂಬದಿಯಲ್ಲಿ ಗೀಚಿದ್ದು. "ಇದನ್ನ ಒಂದ್ಸಲ ಓದಿ. ಆಮೇಲೆ ಬೈರಿ."

ಜಿಪ್ಪಣ್ಣ ಓದಿದ. ಜಿಪ್ಪು ಕೆಟ್ಟಿದ್ರೆ. ಹಿಡಿ ಕಿತ್ತಿದ್ರೆ. ನಿಂತಿರೋ ಹಾಗೇ. ಆರು ತಿಂಗಳೊಳಗೆ. ಮತ್ತೊಮ್ಮೆ ಓದಿದ.

"ಯಾರು ಬರೆದಿದ್ದು ಇದು?"

"ನೀವೇ. ಸಿಟ್ಟಲ್ಲಿ."

"ಶಾಂತವಾಗಿ ಬರೆಯೋಕೆ ಮೂರು ಸಂಜೆ ಬೇಕಾಯ್ತು" ಎಂದಳು ಹೆಂಡತಿ. "ಸಿಟ್ಟಲ್ಲಿ ಅರ್ಧ ನಿಮಿಷ. ಇನ್ಮೇಲೆ ಬರೆಯೋಕೆ ಕೂತಾಗಲೆಲ್ಲ ನಾನೇ ಸಿಟ್ಟು ಬರಿಸ್ತೀನಿ ಬಿಡಿ, ಆ ವಿದ್ಯೆ ನಂಗಿದೆ."

ಜಿಪ್ಪಣ್ಣನ ಮೀಸೆ ಅಲುಗಿತು. ಆದರೂ ಬಿಗುಮಾನ ಬಿಡಲಿಲ್ಲ. "ಇಷ್ಟು ಸಾದಾ ಬರೆದ್ರೆ ಜನ ಏನಂತಾರೆ?"

"ಏನೂ ಅನ್ನಲ್ಲ. ಬ್ಯಾಗು ತಗೊಂಡು ಬರ್ತಾರೆ. ಸರಿ, ಗಿರಾಕಿ ಅಂಗಡಿಗೆ ಬಂದ ತಕ್ಷಣ ನಿಮ್ಮನ್ನ ಮೊದಲು ಏನು ಕೇಳ್ತಾರೆ?"

"ಇನ್ನೇನು, 'ಇದು ರಿಪೇರಿ ಆಗತ್ತಾ, ಇಲ್ಲ ಎಸೆದುಬಿಡ್ಲಾ?' ಅಂತಾರೆ."

"ಮೊದಲ ಸಾಲು ಅದೇ. ಅವ್ರ ಬಾಯಲ್ಲಿರೋ ಮಾತನ್ನೇ ಕಾಗದದ ಮೇಲೆ ಇಡಿ."

ಮೂವರೂ ಕಟಿಂಗ್ ಮೇಜಿನ ಸುತ್ತ ಕೂತರು. ಜಿಪ್ಪಣ್ಣ ಒಂದೇ ಒಂದು ಕಡೆ "ಪ್ರಪಂಚದಲ್ಲೇ ಶ್ರೇಷ್ಠ" ಎಂದು ಸೇರಿಸೋಣವೇ ಎಂದು ಗೋಗರೆದ. ಪ್ರಪಂಚದಲ್ಲಿ ಎಲ್ಲೆಲ್ಲಿ ಸುತ್ತಿ ಬಂದಿರಿ ಎಂದು ನಾದಿನಿ ಕೇಳಿದ್ದಕ್ಕೆ ತಾನೇ ಹೊಡೆದು ಹಾಕಿದ. ಪ್ಲಾಸ್ಟಿಕ್ ಪೆಟ್ಟಿಗೆ ಸೀಳು ಬಿಟ್ಟಿದ್ದರೆ ರಿಪೇರಿ ಆಗುವುದಿಲ್ಲ ಎಂಬುದನ್ನೂ ಬರೆಯಿರಿ ಎಂದು ಹೆಂಡತಿ ಹೇಳಿದಾಗ ಅವನು ಹೌಹಾರಿದ. "ಆಗಲ್ಲ ಅಂತ ಯಾರಾದ್ರೂ ಪ್ರಚಾರ ಮಾಡ್ತಾರೇನೇ?"

"ಅದನ್ನ ಹೊತ್ಕೊಂಡು ಬಂದು ಬರಿಗೈಲಿ ಹೋದೋರು ಮತ್ತೆ ಬರ್ತಾರಾ? ಆಗಲ್ಲ ಅನ್ನೋದನ್ನ ನಿಜ ಹೇಳಿದ್ರೆ, ಆಗತ್ತೆ ಅಂದಿದ್ದನ್ನೂ ನಂಬ್ತಾರೆ ರೀ."

ಬರೆದಾಯಿತು. "ಇನ್ನು ಅಂಗಡಿ ವಿಷಯ ಏನೂ ಗೊತ್ತಿಲ್ದೋರಿಗೆ ಓದಿ ಹೇಳ್ಬೇಕು" ಎಂದಳು ನಾದಿನಿ. ಮೂವರೂ ಮೆಟ್ಟಿಲು ಹತ್ತಿ ಮೇಲ್ಮನೆಯ ಅಜ್ಜಿಯ ಬಾಗಿಲು ತಟ್ಟಿದರು. ಒಂದೇ ಸಲ ಓದಿ ಹೇಳಿ, ಏನು ತಿಳಿಯಿತೆಂದು ಕೇಳಿದರು. ಜಿಪ್ಪು, ಹಿಡಿ, ಚಕ್ರ, ಆರು ತಿಂಗಳ ಮಾತು, ಅಜ್ಜಿ ಒಂದೂ ಬಿಡದೆ ಒಪ್ಪಿಸಿದರು. ಆಮೇಲೆ ಕೇಳಿದರು, "ಎಲ್ಲ ಸರಿ ಮಗ, ಎಲ್ಲಿದೆ ಈ ಅಂಗಡಿ?"

"ನಿಮ್ಮ ಕಾಲ ಕೆಳಗೇ ಅಜ್ಜಿ."

"ಹೌದೇನೋ? ಆಗೀಗ ಟಕಟಕ ಅಂತಿತ್ತು. ಯಾರೋ ಟೈಪಿಂಗ್ ಕಲೀತಿದಾರೆ ಅಂದ್ಕೊಂಡಿದ್ದೆ."

ವಿಳಾಸವನ್ನು ಬರೆಯುವುದೇ ಮರೆತಿತ್ತು. ಕೂಡಲೇ ಸೇರಿಸಿದರು. ಅಜ್ಜಿ ಮಂಚದ ಕೆಳಗಿನಿಂದ ಬಾಯಿ ಬಿಟ್ಟ ಒಂದು ಬ್ಯಾಗನ್ನೂ ಎಳೆದು ಕೊಟ್ಟರು.

ಹಂಚದೆ ಉಳಿದಿದ್ದ ಐನೂರು ಕರಪತ್ರಗಳ ಹಿಂಬದಿ ಖಾಲಿಯಿತ್ತಲ್ಲ. ಮುಂಬದಿಗೆ ಅಡ್ಡಗೆರೆ ಎಳೆದು, ಹಿಂಬದಿಗೆ ಇಷ್ಟನ್ನು ಅಚ್ಚು ಹಾಕಿಸಿದರು:

"'ಈ ಬ್ಯಾಗು ರಿಪೇರಿ ಆಗತ್ತಾ, ಇಲ್ಲ ಎಸೆದುಬಿಡ್ಲಾ?' ಅಂತಿದೀರಾ? ಎಸೆಯೋ ಮುಂಚೆ ಒಂದು ಸಲ ತೋರಿಸಿ. ಜಿಪ್ಪು ಹಾಕ್ತೀವಿ, ಹಿಡಿ ಹೊಲೀತೀವಿ, ಸೂಟ್‌ಕೇಸಿಗೆ ಚಕ್ರ ಕೂರಿಸ್ತೀವಿ. ಸ್ಕೂಲ್ ಬ್ಯಾಗು ನಿಂತಿರೋ ಹಾಗೇ ರೆಡಿ. ಸೂಟ್‌ಕೇಸು ಬೆಳಿಗ್ಗೆ ಕೊಟ್ಟರೆ ಸಂಜೆಗೆ. ನಾವು ಹಾಕಿದ ಜಿಪ್ಪು ಆರು ತಿಂಗಳೊಳಗೆ ಕೆಟ್ಟರೆ ಪುಕ್ಕಟೆ ಮತ್ತೆ ಹಾಕ್ತೀವಿ. ಪ್ಲಾಸ್ಟಿಕ್ ಪೆಟ್ಟಿಗೆ ಸೀಳಿದ್ದರೆ ಮಾತ್ರ ನಮ್ಮಿಂದ ಆಗಲ್ಲ. ದೊಡ್ಡ ರಸ್ತೆಯಲ್ಲಿದ್ದ ಜಿಪ್ಪಣ್ಣ ಈಗ ಔಷಧಿ ಅಂಗಡಿ ಪಕ್ಕದ ಓಣಿ, ಎಡಕ್ಕೆ ಮೂರನೇ ಬಾಗಿಲು, ನೀಲಿ ಬಣ್ಣ."

ಇವನ್ನು ಮನೆಮನೆಗೆ ತೂರಿಸಲಿಲ್ಲ. ಬ್ಯಾಗು ಕೈಕೊಡುವ ಜಾಗ ಬಸ್ ನಿಲ್ದಾಣ. ಅಲ್ಲಿನವರನ್ನು ಕೇಳಿಕೊಂಡು ಟಿಕೆಟ್ ಕಿಟಕಿಯ ಬಳಿ ಒಂದು ಕಟ್ಟು ಇಟ್ಟರು. ಶಾಲೆಯ ಮುಂದಿನ ಪುಸ್ತಕದಂಗಡಿಯಲ್ಲಿ ಇನ್ನೊಂದು.

ಗುರುವಾರ ಸಂಜೆ ಒಬ್ಬರು ಬಂದರು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಾಲ್ಕು ಜನ ಓಣಿಯಲ್ಲಿ ನಿಂತಿದ್ದರು. "ಅಯ್ಯೋ, ನೀವು ಇಲ್ಲೇ ಇದೀರಾ?" ಎಂದು ಹಳೇ ಗಿರಾಕಿಗಳು ಬೈದೇ ಬಿಟ್ಟರು. ಶನಿವಾರ ಮಧ್ಯಾಹ್ನ ಗೋದಾಮಿನ ಮ್ಯಾನೇಜರು ಫೋನು ಮಾಡಿದಾಗ ಜಿಪ್ಪಣ್ಣನ ಬಾಯಲ್ಲಿ ದಾರವಿತ್ತು. ದಾರ ಕಚ್ಚಿಕೊಂಡೇ "ಉಹೂಂ" ಎಂದ. ಅದಕ್ಕಿಂತ ಚಿಕ್ಕದಾಗಿ, ಸ್ಪಷ್ಟವಾಗಿ ಯಾರು ತಾನೇ ಹೇಳಬಲ್ಲರು?

ಅಂಗಡಿಯಲ್ಲಿ ಕಾಯುತ್ತಿದ್ದ ಸೈಕಲ್ ಶಾಪಿನವರೊಬ್ಬರು ಕರಪತ್ರವನ್ನು ತಿರುಗಿಸಿ ನೋಡಿ, "ಇದನ್ನ ಬರೆದವರು ಯಾರ್ರೀ? ನಂಗೂ ಒಂದು ಬೇಕಿತ್ತು" ಎಂದರು. ಕೇಳಿದ್ದೇ ತಡ, ಊಟದ ಬಿಡುವಿನಲ್ಲಿ ಬಂದು ಸ್ಟೂಲಿನ ಮೇಲೆ ಕೂತಿದ್ದ ನಾದಿನಿ ಎದ್ದು ನಿಂತಳು.

ಅವಳು ಏನು ಮಾಡಿ ತೋರಿಸಿದಳೆನ್ನುವ ಮುಂಚೆ, ಓದುತ್ತಿರುವ ನಿಮಗೂ ಒಂದು ಮಾತು. ಹೊಲಿಗೆ ಹಾಕುವ ಅಕ್ಕ, ಮಿಕ್ಸಿ ರಿಪೇರಿಯ ಅಣ್ಣ, ಮನೆಯಲ್ಲೇ ಸೋಪು ಮಾಡುವ ಸಂಘದ ಗೆಳತಿಯರೇ, ನಿಮ್ಮ ಬೋರ್ಡು, ಚೀಟಿ, ಮೊಬೈಲ್ ಸಂದೇಶ ಏನಿದೆಯೋ ಅದನ್ನು ಇವತ್ತೇ ಕೈಗೆತ್ತಿಕೊಳ್ಳಿ. ನಿಮ್ಮನ್ನು ನೀವೇ ಹೊಗಳಿಕೊಂಡ ಸಾಲುಗಳಿಗೆ ಗೆರೆ ಎಳೆಯಿರಿ. ಗಿರಾಕಿ ನಿಮ್ಮ ಮುಂದೆ ಬಂದು ಯಾವ ಮಾತು ಆಡುತ್ತಾರೋ ಅದರಿಂದಲೇ ಶುರು ಮಾಡಿ. ಏನು ಮಾಡಿಕೊಡುತ್ತೀರಿ, ಎಷ್ಟು ಹೊತ್ತಿನಲ್ಲಿ, ಎಲ್ಲಿ ಸಿಗುತ್ತೀರಿ ಎಂದು ಬಾಯಿಮಾತಿನಷ್ಟೇ ಸಲೀಸಾಗಿ ಬರೆಯಿರಿ; ನಡೆಸಿಕೊಡಲಾಗದ ಮಾತು ಬೇಡ. ಬರೆದದ್ದನ್ನು ನಿಮ್ಮ ಅಂಗಡಿಯ ಗಂಧಗಾಳಿ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರು ತಬ್ಬಿಬ್ಬಾದರೆ ತಿದ್ದಿ. ನಕ್ಕರೆ ಬೇಜಾರು ಬೇಡ, ನೀವೂ ಸೇರಿಕೊಳ್ಳಿ.

ಜಿಪ್ಪಣ್ಣ ಸೇರಿಕೊಂಡ. ನಾದಿನಿ ಮುದುಕನಾಗಿ ಹಲ್ಲು ಅಲ್ಲಾಡಿಸಿ, ಮದುವೆ ಮನೆಯ ಹೆಂಗಸಾಗಿ ಗದರಿ, ಕೊನೆಗೆ ಸಾಕ್ಷಾತ್ ಜಿಪ್ಪಣ್ಣನೇ ಆಗಿ, ಇಲ್ಲದ ಮೀಸೆ ತಿರುವುತ್ತ "ಸತ್ತವರನ್ನ ಸಾಗಿಸಲ್ಲ, ತಿಳೀತಾ?" ಎಂದು ಗರ್ಜಿಸಿದಾಗ, ಕಾಯುತ್ತಿದ್ದವರೆಲ್ಲ ಗೊಳ್ಳೆಂದರು. ಆದರೆ ಅವರೆಲ್ಲರ ನಗುವನ್ನೂ ಮುಳುಗಿಸಿ, ಯಂತ್ರದ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವಷ್ಟು, ಮೇಲ್ಮನೆಯ ಅಜ್ಜಿ ಕಿಟಕಿ ತೆಗೆದು ಬಗ್ಗಿ ನೋಡುವಷ್ಟು ಜೋರಾಗಿ ನಕ್ಕವನು ಜಿಪ್ಪಣ್ಣನೇ.