ಎರಡೇ ತಳಿಯ ಲಸಿಕೆ

ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಹೊಗೆ ಎದ್ದಾಗಲೇ ಚಿಕ್ಕಮ್ಮನಿಗೆ ಎಚ್ಚರವಾಯಿತು. ಗಿರಾಕಿಯ ಬಿಳಿ ಅಂಗಿಯ ಬೆನ್ನಿನ ಮೇಲೆ ಕಂದು ಮುದ್ರೆ ಬಿದ್ದಿತ್ತು.

"ಇವತ್ತು ನಿನ್ನ ಕೈಲಿ ಕೆಲಸ ಆಗಲ್ಲ. ಮೊದ್ಲು ಸ್ವಿಚ್ ಆರಿಸು," ಎಂದಳು ಮಗಳು.

ಹೆತ್ತ ಮಗಳಲ್ಲ, ಅಕ್ಕನ ಮಗಳು. ಅಕ್ಕ ಗರ್ಭಕೊರಳಿನ ಕ್ಯಾನ್ಸರ್‌ನಿಂದ ಹೋದ ಮೇಲೆ ಈ ಲಾಂಡ್ರಿಯ ಹಿಂದಿನ ಕೋಣೆಯಲ್ಲೇ ಬೆಳೆದವಳು. ಅವಳು ಶಾಲೆಗೆ ಹೋಗುವಾಗಲೇ ಚಿಕ್ಕಮ್ಮ ಆ ಕ್ಯಾನ್ಸರ್ ತರುವ ವೈರಸ್‌ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿ, ಒಂದು ಪೀಡೆ ಕಳೆಯಿತು ಎಂದುಕೊಂಡಿದ್ದರು.

ಆ ನೆಮ್ಮದಿಗೆ ಬೆಳಿಗ್ಗೆ ಕಲ್ಲು ಬಿದ್ದಿತ್ತು. ಕೋಟು ಒಯ್ಯಲು ಬಂದ ಔಷಧಿ ಅಂಗಡಿಯವನು, ಲಸಿಕೆಯ ಮಾತು ಬಂದಾಗ, "ಆಗಿನ ಲಸಿಕೆ ಎರಡೇ ತಳಿಗೆ ಅಲ್ವಾ? ಈಗ ಒಂಬತ್ತಕ್ಕೆ ಬಂದಿದೆ," ಎಂದು ಹೇಳಿ ಹೋಗಿದ್ದ.

ಚಿಕ್ಕಮ್ಮನ ಬದುಕೆಲ್ಲ ಕಲೆ ತೆಗೆಯುವುದರಲ್ಲೇ ಕಳೆದಿತ್ತು. ಶಾಯಿಗೆ ಹಾಕುವುದು ಎಣ್ಣೆಗೆ ಆಗದು, ಎಣ್ಣೆಯದು ರಕ್ತಕ್ಕೆ ಆಗದು. ಹಾಗಿದ್ದ ಮೇಲೆ ಉಳಿದ ವೈರಸ್‌ಗಳಿಗೆ ಬಾಗಿಲು ತೆರೆದೇ ಇದೆಯಲ್ಲ! ಷಟರ್ ಎಳೆದು, ಮಗಳ ರಟ್ಟೆ ಹಿಡಿದು ಕ್ಲಿನಿಕ್‌ಗೆ ಹೊರಟೇಬಿಟ್ಟರು.

"ನಿಧಾನ, ಚಿಕ್ಕಮ್ಮ! ವೈರಸ್ ಏನು ಬಸ್ ಹಿಡ್ಕೊಂಡು ಬರ್ತಿದೆಯಾ?"

"ಬಾಯಿ ಮುಚ್ಕೊಂಡು ನಡಿಯೇ. ನಿಮ್ಮಮ್ಮನೂ ಹೀಗೇ ನಗ್ತಿದ್ಳು."

ಮಗಳು ಹೆಜ್ಜೆ ಜೋರು ಮಾಡಿದಳು.

ಕ್ಲಿನಿಕ್‌ನಲ್ಲಿ ನರ್ಸಮ್ಮ ಕುರ್ಚಿ ತೋರಿಸಿದರೂ ಚಿಕ್ಕಮ್ಮ ಕೂರಲಿಲ್ಲ. "ಇವಳಿಗೆ ಹಾಕಿಸಿದ ಎರಡು ತಳಿಯ ಹಳೇ ಲಸಿಕೆ ದಂಡವಾ? ಅಷ್ಟು ಹೇಳಿಬಿಡಿ."

"ದಂಡ ಯಾಕಾಗತ್ತೆ? ಹೆಚ್ಚು ಕ್ಯಾನ್ಸರ್ ತರೋದೇ ಆ ಎರಡು. ಅಲ್ದೆ ಈ ವೈರಸ್‌ಗಳಲ್ಲಿ ಕೆಲವು ಅಣ್ಣತಮ್ಮಂದಿರ ಥರ, ಮುಖಚಹರೆ ಹೆಚ್ಚುಕಮ್ಮಿ ಒಂದೇ. ಎರಡಕ್ಕೆ ಕೊಟ್ಟ ಲಸಿಕೆ ಹತ್ತಿರದ ನೆಂಟರನ್ನೂ ತಡೀಬಹುದು ಅಂತಾರೆ. ಚಿಕ್ಕ ವಯಸ್ಸಲ್ಲೇ ಹಾಕಿಸ್ಕೊಂಡ ಹುಡುಗೀರಲ್ಲಿ ಅವೂ ಕಮ್ಮಿ ಕಂಡಿವೆ."

"ತಡೀಬಹುದು ಅಂದ್ರೆ? ತಡೆಯತ್ತೋ ಇಲ್ವೋ?"

"ಕೆಲವನ್ನ, ಎಲ್ಲವನ್ನೂ ಅಲ್ಲ. ಎಷ್ಟು ವರ್ಷ ಅಂತಲೂ ಆಣೆ ಹಾಕಿ ಹೇಳಕ್ಕಾಗಲ್ಲ. ಅದಕ್ಕೇ ಲಸಿಕೆ ಆದವರೂ ಮೂವತ್ತು ವಯಸ್ಸಿನ ಸುಮಾರಿಗೆ ತಪಾಸಣೆ ಶುರು ಮಾಡ್ಬೇಕು."

"ಹಾಗಾದ್ರೆ ಇವಳ ಹೆಸರು ಈಗ್ಲೇ ಬರ್ಕೊಳ್ಳಿ."

"ಅವಳಿಗಿನ್ನೂ ಸಮಯ ಇದೆ. ನೀವು ಲಸಿಕೆಯೇ ಇಲ್ಲದ ಕಾಲದವರು. ನೀವು ಕೊನೇ ಸಲ ತೋರಿಸಿದ್ದು ಯಾವಾಗ?"

ಚಿಕ್ಕಮ್ಮ ಗಡಿಯಾರ ನೋಡಿದರು. "ಹೋಟೆಲಿನ ಬೆಡ್‌ಶೀಟ್ ಬರೋ ಹೊತ್ತಾಯ್ತು. ನಾನು ಬರ್ಲಾ..."

"ಚಿಕ್ಕಮ್ಮ, ಒಂದ್ಸಲವೂ ತೋರಿಸಿಲ್ವಾ?"

ಚಿಕ್ಕಮ್ಮ ಬಾಗಿಲ ಕಡೆ ಹೆಜ್ಜೆ ಹಾಕಿದರು. ಮಗಳು ಬಾಗಿಲಿಗೆ ಅಡ್ಡ ನಿಂತಳು. "ಒಬ್ಬ ಅಮ್ಮನನ್ನ ಕಳ್ಕೊಂಡಿದ್ದೀನಿ. ಸಾಕು. ಬೀಗದ ಕೈ ಕೊಡು, ಅಂಗಡಿ ನಾನು ನೋಡ್ಕೋತೀನಿ."

ಚಿಕ್ಕಮ್ಮ ಬೀಗದ ಕೈ ಕೊಟ್ಟರು. ತಪಾಸಣೆಗೆಂದು ಪರದೆಯ ಆಚೆ ಹೋದವರು ಮತ್ತೆ ತಲೆ ಹೊರಹಾಕಿದರು. "ರೇಷ್ಮೆಗೆ ಬಿಸಿ ಕಮ್ಮಿ ಇಡು."

"ಮೊದ್ಲು ಒಳಗೆ ಹೋಗು!"

ಮಗಳು ಅಂಗಡಿಗೆ ಹೋಗಲಿಲ್ಲ. ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡು ಪರದೆಯ ಈಚೆ ಶತಪಥ ತಿರುಗತೊಡಗಿದಳು.